ಕರೆಯದೇ ಉಳಿದ ಸಾಕ್ಷಿ

ಕಾಗದ ಬರೆಯುವುದನ್ನು ನನಗೆ ಕಲಿಸಿದವಳು ಅಕ್ಷರ ಬಾರದ ನಮ್ಮಜ್ಜಿ. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಬೀಗರಿಗೇ ಇರಲಿ, ಮಠಕ್ಕೇ ಇರಲಿ, ಕೊನೆಯ ಸಾಲು ಒಂದೇ: ‘ನಮ್ಮಿಂದ ತಪ್ಪಾಗಿದೆ, ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.’ ಏನು ತಪ್ಪು ಎಂದು ಯಾರೂ ಕೇಳುತ್ತಿರಲಿಲ್ಲ. ಹಿರಿಯರ ಮುಂದೆ ತಲೆ ಬಾಗಿಸುವ ರೀತಿ ಅದು. ಆ ಸಾಲಿಲ್ಲದ ಕಾಗದ ಬಂದರೆ ಅಜ್ಜಿ, ‘ಸೊಕ್ಕು ಬಂದೈತಿ ಅವರಿಗೆ’ ಅನ್ನುತ್ತಿದ್ದಳು.

ಮುಂದೆ ರಾಣೆಬೆನ್ನೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಛಂದ ಬರೆಯುತ್ತಾನೆ ಎಂಬ ಹೆಸರೂ ಬಂತು. ಆ ಹೆಸರನ್ನು ನಂಬಿಯೇ ಬ್ಯಾಡಗಿಯ ಗೆಳೆಯ ಒಂದು ಭಾನುವಾರ ಮನೆಗೆ ಬಂದ. ನನಗಿಂತ ಚಿಕ್ಕವ, ಅಲ್ಲಿನ ಕಚೇರಿಯ ದಾಖಲೆ ಕೋಣೆ ಅವನ ಸುಪರ್ದಿನಲ್ಲಿತ್ತು. ಸಾಹೇಬರು ಬಾಯಿಮಾತಿನಲ್ಲಿ ಕೇಳಿದರೆಂದು ಒಂದು ಫೈಲನ್ನು ಸಹಿ ತೆಗೆದುಕೊಳ್ಳದೆ ಕಳಿಸಿದ್ದ. ಫೈಲು ಮರಳಲಿಲ್ಲ. ತಾವು ಕೇಳಿಯೇ ಇಲ್ಲ ಎಂದುಬಿಟ್ಟರು ಸಾಹೇಬರು. ಇವನನ್ನು ಅಮಾನತು ಮಾಡಿ ಇಲಾಖಾ ವಿಚಾರಣೆ ಇಟ್ಟಿದ್ದರು.

‘ಅಣ್ಣಾರ, ಕಾಯ್ದೆದಾಗ ನನಗೂ ಹಕ್ಕ ಅದಾವಂತ. ಸಾಕ್ಷಿ ಕರಸಬಹುದಂತ. ಜೋಡಿಗೆ ಒಬ್ಬ ನೌಕರನ್ನ ಕೂಡಿಸಿಕೊಂಡು, ನನ್ನ ಪರವಾಗಿ ಮಾತಾಡಸಬಹುದಂತ. ನೀವ ಬರ್ರಿ.’

‘ಬರತೇನಿ ತಮ್ಮಾ. ಸಾಕ್ಷಿ ಯಾರ ಅದಾರ?’

‘ನಮ್ಮಲ್ಲಿ ಸಿಪಾಯಿ ಕೆಲಸ ಮಾಡೂ ಕರ್ಜಗಿ ಅಕ್ಕ. ಫೈಲ ಒಯ್ದು ಸಾಹೇಬ್ರ ಟೇಬಲ್ ಮ್ಯಾಲ ಇಟ್ಟಾಕಿ ಆಕೀನ.’

‘ಸಾಹೇಬ್ರ ಎದುರಿಗೆ ಹೇಳ್ತಾಳ?’

‘ಬರೂ ವರ್ಷ ರಿಟೈರ್ ಆಗಿ ಮನೀಗೆ ಹೊಂಟಾಕಿ, ನನಗ ಯಾರ ಹೆದರಿಕಿ ಅಂದಾಳ.’

ದೋಷಾರೋಪಣೆಗೆ ಉತ್ತರವನ್ನು ನಾನೇ ಬರೆದೆ. ನಾಲ್ಕು ಪುಟ. ಒಂದೊಂದು ಆರೋಪಕ್ಕೂ ಗಟ್ಟಿ ಉತ್ತರವಿತ್ತು. ಕೊನೆಗೆ ಬಂದಾಗ ಕೈ ತಾನಾಗಿಯೇ ಅಜ್ಜಿಯ ಸಾಲು ಬರೆಯಿತು. ಅವನು ಓದಿ, ‘ಮರ್ಯಾದಿಲೆ ಐತಿ, ಛಲೋ ಆತು’ ಎಂದು ಸಹಿ ಹಾಕಿದ.

ವಿಚಾರಣೆ ಹಾವೇರಿಯಲ್ಲಿ. ಅಕ್ಕ ಮೊದಲ ಬಸ್ಸಿಗೇ ಬಂದು ವರಾಂಡದ ಬೆಂಚಿನ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಬುತ್ತಿಯ ಚೀಲ.

‘ಎಲ್ಲಾ ನೆನಪೈತ್ರಿ. ಸಾಹೇಬ್ರು ಫೋನಿನ್ಯಾಗ ಇದ್ರು. ಅಲ್ಲೇ ಇಡು ಅಂತ ಕೈ ಮಾಡಿದ್ರು. ನಾ ಹೇಳಾಕಿ ಹೇಳಾಕಿನ.’

ಒಳಗೆ ವಿಚಾರಣಾಧಿಕಾರಿ ನಮ್ಮ ಉತ್ತರದ ಕೊನೆಯ ಪುಟವನ್ನೇ ತೆಗೆದರು.

‘ಇದು ನಿಮ್ಮ ಸಹೀನ?’

‘ಹೌದ್ರಿ’ ಎಂದ ಗೆಳೆಯ.

‘ತಪ್ಪಾಗಿದೆ ಅಂತ ನೀವ ಬರದೀರಿ. ಒಪ್ಪಿಕೊಂಡ ಮ್ಯಾಲ ಸಾಕ್ಷಿ ಯಾಕ ಬೇಕು?’

ಅವನು ನನ್ನ ಕಡೆ ನೋಡಿದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದೇ ಆ ಗಳಿಗೆಗಾಗಿ. ಅದು ನಮ್ಮ ಕಡೆಯ ರೂಢಿ, ನಾನೇ ಬರೆದದ್ದು, ಹೊರಗೆ ಕುಳಿತವಳನ್ನು ಕರೆಯಿರಿ ಎಂದು ಹೇಳಿದ್ದರೆ ಸಾಕಿತ್ತು. ಆದರೆ ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದೂ ಅಜ್ಜಿಯೇ ಕಲಿಸಿದ್ದಳಲ್ಲ. ನಾನು ‘ಸರ್’ ಅನ್ನುವಷ್ಟರಲ್ಲಿ ಅವರು ಟೈಪು ಮಾಡುವವನಿಗೆ ಹೇಳಿ ಬರೆಸತೊಡಗಿದ್ದರು. ನನ್ನತ್ತ ನೋಡದೆ ಕೈ ಎತ್ತಿದರು. ಸುಮ್ಮನಾದೆ.

ಹೊರಗೆ ಬಂದಾಗ ಅಕ್ಕ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

‘ಈಗ ನನ್ನ ಪಾಳೇನ್ರಿ?’

‘ಇಲ್ಲಕ್ಕಾ, ಮುಗೀತು’ ಎಂದ ಗೆಳೆಯ.

‘ನನ್ನ ಕರೀಲೇ ಇಲ್ಲಲ್ರಿ.’

ಅವನ ನೌಕರಿ ಹೋಯಿತು. ಮೇಲ್ಮನವಿಗೆ ಅವಕಾಶವಿದೆ ಎಂದು ಗೊತ್ತಾದಾಗ ನಾನೇ ಬ್ಯಾಡಗಿಗೆ ಹೋದೆ. ಅವನ ಹೆಂಡತಿ ಚಹಾ ಇಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

‘ಅಪೀಲು ಹಾಕೂಣು ತಮ್ಮಾ. ನಾ ಬರದು ಕೊಡ್ತೇನಿ.’

ಅವನು ನಕ್ಕ. ‘ಬ್ಯಾಡ್ರಿ ಅಣ್ಣಾ, ಈ ಸಲ ನಾನ ಬರದೇನಿ. ನಿಮ್ಮ ಕನ್ನಡ ಭಾಳ ಛಂದ ಐತಿ.’

ಬರೆದದ್ದನ್ನು ತೋರಿಸಿದ. ಸೊಟ್ಟ ಅಕ್ಷರದ ಒಂದೇ ಪುಟ. ಕೊನೆಗೆ, ‘ನಾನು ತಪ್ಪು ಮಾಡಿಲ್ಲ. ಫೈಲು ಒಯ್ದವರನ್ನು ಕರೆದು ಕೇಳಿರಿ’ ಎಂದಿತ್ತು. ಅಜ್ಜಿ ಇದ್ದಿದ್ದರೆ ಸೊಕ್ಕು ಅನ್ನುತ್ತಿದ್ದಳು.

ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಅಕ್ಕ ನಿವೃತ್ತಳಾದಳು. ಹಾವೇರಿಗೆ ಹೋದಾಗ ನಾನು ಆ ವರಾಂಡವನ್ನು ತಪ್ಪಿಸಿ ಸುತ್ತು ಹಾಕಿ ಹೋಗುತ್ತೇನೆ. ಆದರೂ ಯಾವ ಕಚೇರಿಯ ಬೆಂಚಿನ ಮೇಲೆ ಯಾರು ಕುಳಿತಿದ್ದರೂ ತೊಡೆಯ ಮೇಲೊಂದು ಬುತ್ತಿಯ ಚೀಲ ಕಾಣುತ್ತದೆ. ತನ್ನ ಪಾಳಿ ಬಂತೇನು ಎಂದು ಅಕ್ಕ ಕೇಳುತ್ತಾಳೆ. ನಾನು ಅಂದಿನ ಹಾಗೆಯೇ ಸುಮ್ಮನೆ ನಿಂತಿರುತ್ತೇನೆ.