ಅವಳ ಕೈಯಲ್ಲಿದ್ದ ಚೀಟಿ

ಆ ದಿನ ಡಾಕ್ಟರನ್ನು ಕಾಣಲು ನನಗೆ ತಗುಲಿದ್ದು ಒಂದು ಗಾಡಿ ಎಲೆಕೋಸು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಮಂಡಿಯ ಹರಾಜು ಮುಗಿದು, ಕೋಸು ಗಾಡಿಯಲ್ಲೇ ಬಾಡಿತು.

ಕಾಲಿಗಿಂತ ಹೊಟ್ಟೆ ಹೆಚ್ಚು ಉರಿಯಿತು. ನನ್ನ ಹೊಲದಲ್ಲಿ ಕೂಲಿಗೆ ಕೋಸು ಕೊಯ್ಯುವ ತಿಗನಾರೆ ಊರಿನ ಹೆಂಗಸು ನನಗಿಂತ ತಡವಾಗಿ ಬಂದಳು. ನರ್ಸಮ್ಮ ಅವಳ ಚೀಟಿ ನೋಡಿ ನೇರ ಒಳಗೆ ಕಳಿಸಿದರು. ಎರಡು ಒಳ್ಳೆಯ ಕೋಸು ಕೊಡುತ್ತೇನೆಂದರೂ ನನ್ನನ್ನು ಬೆಂಚಿನಿಂದ ಏಳಿಸಲಿಲ್ಲ.

ಅವಳು ಹೊರಬಂದ ಕೂಡಲೇ ಕೇಳಿದೆ: "ನಿಂಗ್ಯಾರವ್ವ ಶಿಫಾರಸು ಮಾಡಿದ್ದು?"

"ಯಾರೂ ಇಲ್ಲ ಕಣಣ್ಣ. ಓದ್ ತಿಂಗ್ಳೇ ಇವತ್ತಿನ್ ದಿನ, ಒತ್ತು ಬರಸ್ಕಂಡೋಗಿದ್ದೆ. ಕೋಸ್ ಕುಯ್ಯಕ್ ಮುಂಚೆ ಮಂಡಿಗೆ ಫೋನ್ ಮಾಡ್ತೀರ, ಡಾಕ್ಟ್ರತ್ರ ಮಾತ್ರ ಇಂಗೇ ಬಂದ್ಬುಡದಾ?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಅವಳು ಮಾತ್ರೆ ಸೆರಗಿಗೆ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು. ಬೆಲೆ ಕುದುರಿಸುವುದರಲ್ಲಿ ಯಾರಿಗೂ ಸೋಲದ ನನಗೆ ಆ ಮಡಚಿದ ಚೀಟಿಯ ಮೇಲೆ ಇವತ್ತಿಗೂ ಅಸೂಯೆ.

ನೀವಾದರೂ ಕೇಳಿ. ಡಾಕ್ಟರ ಮುಂದಿನ ಕುರ್ಚಿಯಿಂದ ಏಳುವ ಮೊದಲೇ ಮತ್ತೆ ಬರುವ ದಿನ, ಹೊತ್ತು ಕೇಳಿ ಬರೆಸಿಕೊಳ್ಳಿ. ಮಾತ್ರೆ ಮುಗಿಯಲು ಒಂದು ವಾರ ಇರುವಾಗಿನ ದಿನವನ್ನೇ ಕೇಳಿ. ಹರಾಜಿನ ದಿನ ಬೇಡವೆಂದು ಹೇಳುವುದಕ್ಕೂ ನಾಚಬೇಡಿ.