ಚಂದ್ರನ ಮೇಲೆ ಕೊಲೆ, ಮರಿಗಾಲುವೆಯಲ್ಲಿ ಪಂತ

ಮೊಬೈಲಿನಲ್ಲಿ ಕಥೆ ಕೇಳಿಸುವ ಆ್ಯಪಿನ ವರ್ಷದ ಚಂದಾ ಒಂದು ಚೀಲ ಗೊಬ್ಬರದ ಬೆಲೆಯಷ್ಟು ಬಿತ್ತು. ಹೀಗೆ ಕೊಳ್ಳುವ ಕಥೆಗೆ ಚೌಕಾಸಿ ಮಾಡೋಣವೆಂದರೆ ಎದುರಿಗೆ ಮನುಷ್ಯನೇ ಇರುವುದಿಲ್ಲ. ಆ ಸಿಟ್ಟನ್ನು ಶಹಾಪುರದ ಮೊಬೈಲ್ ಅಂಗಡಿಯವನ ಮೇಲೆ ತೀರಿಸಿಕೊಂಡು, ಸಣ್ಣ ಸ್ಪೀಕರೊಂದನ್ನು ಅರ್ಧ ಬೆಲೆಗೆ ಕಿತ್ತುಕೊಂಡೆ. "ಅಕ್ಕಾ, ನೀವು ವಾರಕ್ಕೊಮ್ಮಿ ಬಂದ್ರ ನಾ ದುಕಾನ ಬಂದ್ ಮಾಡ್ತೀನ್ರಿ," ಎಂದ.

ಇಷ್ಟು ಖರ್ಚು ಯಾಕೆಂದರೆ, ಶಿರವಾಳದ ಕಡೆಯ ನನ್ನ ಗದ್ದೆ ಮರಿಗಾಲುವೆಯ ಕಟ್ಟಕಡೆಗಿದೆ. ನೀರಿನ ಪಾಳಿ ಬಂದಾಗ ದಂಡೆಯ ಮೇಲೆ ಕಾಯುತ್ತ ಕೂಡುವುದೇ ಕೆಲಸ. ಕಾಲುವೆಯ ಬಾಯಿಗೇ ಗದ್ದೆ ಇರುವ ನಮ್ಮೂರ ಕಾಕಾ, ತಮ್ಮ ಪಾಳಿ ಮುಗಿದ ಮೇಲೂ ಮಣ್ಣಿನ ಚೀಲ ಅಡ್ಡ ಹಾಕಿ ನೀರು ತಿರುವಿಕೊಳ್ಳುತ್ತಿದ್ದರು. ಆ ಚೀಲಗಳ ಪಕ್ಕದ ಬೇವಿನ ನೆರಳಲ್ಲೇ ನಾನು ಕೂತು ಕಥೆ ಹಚ್ಚಿದೆ. ಕಾಕಾ ಕೇಳಲು ಬಂದರು. ಕಳೆ ಕೀಳುವ ಹೆಂಗಸರೂ ಬಂದರು.

ಕಥೆ ಚಂದ್ರನ ಮೇಲಿನ ಒಂದು ಊರಿನದು. ಅಲ್ಲಿ ಉಸಿರಾಡುವ ಗಾಳಿ ಪೈಪಿನಲ್ಲಿ ಬರುತ್ತದೆ. ಕೊನೆಯ ಮನೆಗಳವರು ಉಸಿರುಗಟ್ಟಿ ಸಾಯುತ್ತಿದ್ದಾರೆ. ಪತ್ತೇದಾರಿಕೆಗೆ ಒಂದು ಯಂತ್ರ ಬಂದಿದೆ.

"ಇದರಾಗ ಪತ್ತೆ ಹಚ್ಚೋದೇನದ? ಪೈಪಿನ ಬಾಯಾಗ ಕುಂತಾಂವನ ಕಳ್ಳ," ಎಂದಳು ಒಬ್ಬಳು, ಕಾಕಾನ ಮುಖ ನೋಡಿಕೊಂಡೇ.

"ಮುಂದ ಮನಿ ಕಟ್ಟಿದ್ದ ತಪ್ಪೇನು? ಸಾಕ್ಷಿ ತೋರಸ್ರಿ!" ಕಾಕಾ ನಿಂತ ನಿಲುವಿನಲ್ಲೇ ಚಂದ್ರನ ಮೇಲಿನ ಆ ಮನುಷ್ಯನ ವಕೀಲರಾದರು.

ನನಗೆ ವ್ಯಾಪಾರದ ವಾಸನೆ ಬಡಿಯಿತು. ಭತ್ತ ತೆನೆ ಬಿಚ್ಚುತ್ತಿತ್ತು. ಈ ಪಾಳಿಯ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು.

"ಪಂತ ಕಟ್ರಿ ಕಾಕಾ. ಅಂವನೇ ಕೊಲೆಗಾರ ಆದ್ರ ನೀವು ಚೀಲ ತಗೀಬೇಕು. ಅಲ್ಲಂದ್ರ ಈ ಪಾಳಿ ನೀರು ನಾ ಕೇಳಂಗಿಲ್ಲ."

"ಕಟ್ಟೀನಿ, ನಡಿ!"

ಮರುದಿನ ಮೊದಲ ಭಾಗದ ಕೊನೆಯ ಕಂತು. ಕೊಲೆಗಾರ ಪೈಪಿನ ಬಾಯಿಯವನಲ್ಲ. ಕೊನೆಯ ಸಾಲಿನ ಮನೆಯ ಒಬ್ಬ ವ್ಯಾಪಾರಿ ಹೆಂಗಸು! ನೆರೆಯವರ ಗಾಳಿ ಸಿಲಿಂಡರುಗಳನ್ನು ಅಗ್ಗಕ್ಕೆ ಕೊಂಡಿಟ್ಟು, ಅವುಗಳ ಬೆಲೆ ಏರಲೆಂದು ಪೈಪು ಬಿಗಿದವಳು. ಅವಳನ್ನು ಹಿಡಿದುಕೊಟ್ಟ ಯಂತ್ರವನ್ನೇ ಊರಿನವರು ಜೈಲಿಗೆ ಹಾಕಿದಲ್ಲಿಗೆ ಕಂತು ಮುಗಿಯಿತು.

"ಯವ್ವಾ, ಥೇಟ್ ನಮ್ಮ ಅಕ್ಕನಂಗ ಅದಾಳಲ್ಲ!" ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ನಗುನಗುತ್ತಲೇ ಕಾಲುವೆಗೆ ಇನ್ನೊಂದು ಚೀಲ ಇಳಿಸಿದರು.

ನಾನು ಸೆರಗು ಕೊಡವಿ ಎದ್ದೆ.

"ಎಲ್ಲಿಗೆ ಹೊಂಟಿ? ಆ ಯಂತ್ರಾನ ಜೈಲಿಗೆ ಹಾಕ್ಯಾರಲ್ಲ, ಅದರದೇನಾತು?" ಎಂದರು ಕಾಕಾ.

"ಅದು ಎರಡನೇ ಭಾಗದಾಗ ಬರ್ತದ್ರಿ. ನೀರಿಲ್ಲದ ಗದ್ದಿಗೆ ನಾ ಯಾಕ ಬರ್ಲಿ? ಸುರಪುರಕ್ಕ ತಂಗಿ ಮನಿಗೆ ಹೋಗ್ತೀನಿ, ಆಕಿ ಜೋಡಿ ಕುಂತು ಕೇಳ್ತೀನಿ."

ಕಾಕಾ ನನ್ನನ್ನು ನೋಡಿದರು, ನೀರನ್ನು ನೋಡಿದರು. ಆಮೇಲೆ ಧೋತರ ಮೇಲೆ ಕಟ್ಟಿ ಕಾಲುವೆಗಿಳಿದು ಚೀಲಗಳನ್ನು ತಾವೇ ಎಳೆದುಹಾಕಿದರು. "ಪಂತ ಮಾತ್ರ ನಾನ ಗೆದ್ದೀನಿ, ನೆನಪಿಟ್ಕೋ."

"ನೀವ ಗೆದ್ರಿ, ಯಾರಿಲ್ಲಂದಾರ?"

"ಹಂಗಾದ್ರ ಹಚ್ಚು."

ನೀವೂ ಇಂಥ ಸರಣಿ ಕೊಳ್ಳುವುದಾದರೆ ಹಲವು ಭಾಗಗಳಿರುವುದನ್ನೇ ಕೊಳ್ಳಿ. ಕೊಲೆಗಾರನ ಮೇಲೆ ಪಂತ ಕಟ್ಟಬೇಡಿ; ಕಥೆ ಬರೆದವರಿಗೆ ನಿಮ್ಮ ಕಾಲುವೆ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನೀರು ಗದ್ದೆಯ ಆಚೆ ಬದು ಮುಟ್ಟುವ ತನಕ ಮುಂದಿನ ಕಂತು ಹಚ್ಚಬೇಡಿ. ಈಚೆ ಬದು ಮುಟ್ಟಿದೊಡನೆ ಹಚ್ಚಿಬಿಟ್ಟು ನಾನು ಗದ್ದೆಯ ಒಂದು ಮೂಲೆ ಒಣಗಿಸಿಕೊಂಡೆ. ಕಾಕಾ ಕಿವಿಯನ್ನು ಕಥೆಗೆ ಕೊಟ್ಟು, ಕಾಲಿನಿಂದ ಚೀಲವನ್ನು ಮತ್ತೆ ಕಾಲುವೆಗೆ ತಳ್ಳಬಲ್ಲರು.