ಹುಮನಾಬಾದಿನಲ್ಲಿ ಸಿಕ್ಕ ಸಹಿ

೧೯೪೧ರ ಜನವರಿ ೧೫, ಬುಧವಾರ. ಆ ವರ್ಷದ ಪಂಚಾಂಗದ ಪ್ರಕಾರ ಅದು ಸಂಕ್ರಾಂತಿಯ ಮರುದಿನ. ಆಗ ನಮ್ಮದು ನಿಜಾಮರ ಆಳ್ವಿಕೆಯಾದುದರಿಂದ ಅವರ ಸರಕಾರಿ ಫಸಲಿ ವರ್ಷದ ಲೆಕ್ಕದೊಂದಿಗೂ ತಾಳೆ ನೋಡಿದ್ದೇನೆ, ದಿನದಲ್ಲಿ ತಪ್ಪಿಲ್ಲ. ಇತಿಹಾಸದ ಅಧ್ಯಾಪಕನಾಗಿ ವೃತ್ತಿಯುದ್ದಕ್ಕೂ ಆಧಾರವಿಲ್ಲದ ಮಾತನ್ನು ಒಪ್ಪದೆ ಬಂದವನು ನಾನು. ಯಾರಾದರೂ ಇಂಥ ಪ್ರಸಂಗ ಹೇಳಿದರೆ ಮೊದಲು ತಾರೀಖು ಕೇಳಿ, ಆಮೇಲೆ ನಕ್ಕುಬಿಡುತ್ತಿದ್ದೆ. ಈಗ ನನ್ನದನ್ನೇ ಹೇಳಬೇಕಾಗಿದೆ.

ನಮ್ಮೂರಾದ ಇಂದಿನ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಓದುತ್ತಿದ್ದಾಗ ಬ್ರಿಟಿಷ್ ಸೀಮೆಯ ಸೊಲ್ಲಾಪುರದ ಕಡೆಯ ಹೆಸರಾಂತ ನಟರಿಂದ, ಗಾಯಕರಿಂದ ಸಹಿಯುಳ್ಳ ಪತ್ರ ತರಿಸುವ ಹುಚ್ಚು ನನಗೆ ಹಿಡಿದಿತ್ತು. ಮರುಟಪಾಲಿಗೆ ಅಂಚೆಚೀಟಿ ಇಟ್ಟು ಬರೆಯುತ್ತಿದ್ದೆ, ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಟಪಾಲು ಕಚೇರಿಯ ಮುನ್ಷಿಯವರು ನಕ್ಕರು: “ತಮ್ಮಾ, ನಿಜಾಮರ ತಿಕೀಟ ಸೊಲ್ಲಾಪುರದಾಗ ಯಾರು ಕೇಳ್ತಾರ? ಅಲ್ಲಿ ಇಂಗ್ರೇಜರ ತಿಕೀಟ ಬೇಕು.” ಚೀಟಿ ಬದಲಾಯಿಸಿದ ಮೇಲೆ ಪತ್ರಗಳು ಬರತೊಡಗಿದವು. ರಾಜನ ಪಾತ್ರಗಳಿಗೆ ಪ್ರಸಿದ್ಧರಾಗಿದ್ದ ಒಬ್ಬ ಗಾಯಕ ನಟರದು ಮಾತ್ರ ಬರಲಿಲ್ಲ.

ಅಕ್ಕನಿಗೆ ಬೇಕಾಗಿದ್ದುದು ಅದೊಂದೇ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ಹಿಂದೆ ಬೀಸುವಾಗ, ನೀರು ಸೇದುವಾಗ ಹಾಡುತ್ತಿದ್ದವಳ ದನಿ ಪಿಸುಮಾತಿಗೆ ಇಳಿದಿತ್ತು, ಹಾಡಂತೂ ನಿಂತೇಹೋಗಿತ್ತು. ಯಾವುದನ್ನೂ ಬಯಸದ ಅವಳು ಟಪಾಲು ಬಂದಾಗ ಮಾತ್ರ ಬಾಗಿಲಿಗೆ ಬಂದು, “ನಿನ್ನ ರಾಜಾಸಾಬರಿಗೆ ಶಾಯಿ ತೀರ್ಯಾದೇನೊ?” ಎಂದು ಅಣಕಿಸುತ್ತಿದ್ದಳು. ಆ ಪತ್ರ ಬಂದರೆ ಅಕ್ಕ ಮೊದಲಿನಂತಾದಾಳೆಂಬ ಆಸೆ ನನ್ನದು.

ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಅವರು ಹುಮನಾಬಾದಿನಲ್ಲಿ ತಂಗುವರೆಂದು ಯಾರೋ ಹೇಳಿದರು. ಅಂದು ಬೆಳಿಗ್ಗೆ ಮೋಟಾರು ಹಿಡಿದು ಹೋದೆ. ಮಧ್ಯಾಹ್ನದ ಬಿಸಿಲಿನಲ್ಲಿ ಧರ್ಮಶಾಲೆಯ ಕಟ್ಟೆಯ ಮೇಲೆ ಅವರು ಒಬ್ಬರೇ ಕುಳಿತಿದ್ದರು. ಹಸ್ತಪತ್ರಿಕೆಯಲ್ಲಿ ಎಷ್ಟೋ ಸಲ ನೋಡಿದ್ದ ಮುಖ. ಕೊರಳಿಗೆ ಬಿಳಿಯ ಅರಿವೆ ಸುತ್ತಿತ್ತು. “ಕಲ್ಯಾಣಿಯಿಂದ ಬಂದೀನ್ರಿ. ನಿಮ್ಮ ಸಹಿ ಇರೋ ಒಂದು ಪತ್ರ ಬೇಕಾಗಿತ್ರಿ,” ಎಂದೆ. ಹೆಸರನ್ನಾಗಲಿ ಮನೆತನವನ್ನಾಗಲಿ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಒಂದು ಮಾತೂ ಆಡದೆ ಕೈಚಾಚಿ ಕಾಗದ ಪಡೆದು, ಬರೆದು, ಮಡಿಚಿ ಕೊಟ್ಟು, ಹೋಗಿ ಬಾ ಎಂಬಂತೆ ತಲೆಯಾಡಿಸಿದರು.

ಸಂಜೆ ಮನೆಯಲ್ಲಿ ಕಾಗದ ಬಿಚ್ಚಿದವಳು ಅಕ್ಕ. ಅದರಲ್ಲಿ ಹೀಗೆ ಬರೆದಿತ್ತು: “ಬಾಗಿಲ ಹಿಂದೆ ಹಾಡಿದ ಮಗಳೇ, ಅಂದು ಅರ್ಧಕ್ಕೆ ನಿಂತ ಪದವನ್ನು ಇನ್ನು ಮುಗಿಸು.” ಕೆಳಗೆ ಸಹಿ.

“ನೀ ಏನು ಹೇಳಿದಿ ಅವರಿಗೆ?”

“ನನಗ ಏನು ಗೊತ್ತದ, ಅಕ್ಕ, ಹೇಳಾಕ?”

ಆಗ ಹೇಳಿದಳು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಅವರ ನಾಟಕ ಕಂಪನಿ ನಮ್ಮೂರಿಗೆ ಬಂದಿತ್ತಂತೆ. ನಮ್ಮ ಪಡಸಾಲೆಯಲ್ಲಿ ಕುಳಿತು ಅವರು ಒಂದು ಪದ ಎತ್ತಿಕೊಂಡಾಗ ಇವಳು ಬಾಗಿಲ ಹಿಂದಿನಿಂದ ದನಿಗೂಡಿಸಿದಳಂತೆ. ಅಪ್ಪ ಗದರಿದಾಗ ಹೆದರಿ ನಿಲ್ಲಿಸಿದಳಂತೆ. ಅವರು ಅದನ್ನು ನೆನಪಿನಲ್ಲಿ ಇಟ್ಟುಕೊಂಡಿರಬಹುದು, ಒಪ್ಪುತ್ತೇನೆ. ಆದರೆ ಎದುರಿಗೆ ನಿಂತವನು ಆ ಹುಡುಗಿಯ ತಮ್ಮನೆಂದು ಅವರಿಗೆ ಹೇಗೆ ತಿಳಿಯಿತು?

ದೀಪ ಹಚ್ಚುವ ಹೊತ್ತಿಗೆ ಅಕ್ಕ ಆ ಪದವನ್ನು ಕೊನೆಯವರೆಗೂ ಹಾಡಿದಳು. ಅವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದು ನಿಂತಳು. ಸಾಯುವವರೆಗೂ ಅಕ್ಕ ಮತ್ತೆ ಹಾಡು ಬಿಡಲಿಲ್ಲ.

ನಿವೃತ್ತನಾದ ಮೇಲೆ ಆ ಸಹಿಯನ್ನು ಇತರ ಸಂಗ್ರಾಹಕರಲ್ಲಿದ್ದ ಅವರ ಪತ್ರಗಳೊಂದಿಗೆ ಹೋಲಿಸಿದೆ. ಅಕ್ಷರ ಅವರದೇ. ಅಲ್ಲಿಗೆ ಬಿಡಬಹುದಿತ್ತು, ಬಿಡಲಾಗಲಿಲ್ಲ. ಅವರು ಅಂದು ಎಲ್ಲಿಂದ ಹೊರಟು ಹುಮನಾಬಾದಿಗೆ ಬಂದರೆಂದು ತಿಳಿಯಲು ಹಳೆಯ ಪತ್ರಿಕೆಗಳ ಕಡತಕ್ಕೆ ಕೈಹಾಕಿದೆ. ಆಮೇಲೆ ತಾರೀಖನ್ನು ಎಷ್ಟು ಸಲ ಪರಿಶೀಲಿಸಿದೆನೋ ತಿಳಿಯದು; ಪ್ರತಿ ಸಲವೂ ನನ್ನ ಲೆಕ್ಕ ಸರಿಯಿದೆ, ಪತ್ರಿಕೆಯದೂ ಸರಿಯಿದೆ. ಅಲ್ಲಿರುವುದು ಇಷ್ಟು: ಜನವರಿ ೧೫ರ ಮಧ್ಯಾಹ್ನ ಪುಣೆಯ ಆಸ್ಪತ್ರೆಯಲ್ಲಿ ಅವರ ಗಂಟಲಿಗೆ ಶಸ್ತ್ರಕ್ರಿಯೆ ನಡೆಯಿತು, ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಮುಂದೆ ಅವರು ಹಾಡಲಾರರು.